ಬೆಲ್ಟ್ ಹಾಕಿದ್ದಾರೆ ಸರಿ, ಹಗ್ಗ ಎಲ್ಲಿಗೆ ಕಟ್ಟಿದ್ದಾರೆ?

ಇವತ್ತಿನ ಸಂಚಿಕೆಯಲ್ಲಿ ಟ್ಯಾಕ್ಸ್ ಇಲ್ಲ, ಇಎಂಐ ಇಲ್ಲ. ಇವತ್ತು ಹಗ್ಗದ ವಿಷಯ. ಎತ್ತರದಲ್ಲಿ ಕೆಲಸ ಮಾಡೋರು ಜಾರಿದರೆ ನೆಲಕ್ಕೆ ಬೀಳದ ಹಾಗೆ ಹಿಡಿಯುವ ಹಗ್ಗ, ಲೈಫ್‌ಲೈನ್ ಅಂತಾರಲ್ಲ, ಅದು. ಬಿಕಾಂ ಓದಿದವಳಿಗೆ ಇದ್ಯಾಕೆ ಅಂತ ಕೇಳ್ತೀರಾ? ತಾಳಿ, ಕೊನೆಗೆ ಇದೂ ಲೆಕ್ಕದ ಪುಸ್ತಕಕ್ಕೇ ಬರುತ್ತೆ.

ಮೆಟ್ರೋ ಕಾಮಗಾರಿ, ಇಪ್ಪತ್ತು ಮಹಡಿ ಅಪಾರ್ಟ್‌ಮೆಂಟ್ ಇವನ್ನೆಲ್ಲ ಪಕ್ಕಕ್ಕಿಡೋಣ. ಅಲ್ಲಿ ಸೇಫ್ಟಿ ಆಫೀಸರ್ ಅಂತ ಒಬ್ಬರಾದರೂ ಇರ್ತಾರೆ. ನಾನು ಹೇಳ್ತಿರೋದು ನಿಮ್ಮ ಬೀದಿಯ ಥರ್ಟಿ-ಫಾರ್ಟಿ ಸೈಟಿನಲ್ಲಿ ಏಳ್ತಿರೋ ಮನೆ, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸೋಕೆ ಬರುವ ಇಬ್ಬರು, ಹಿತ್ತಲಿಗೆ ಶೀಟ್ ಹೊದಿಸುವ ಮೂವರ ಬಗ್ಗೆ.

ಇಲ್ಲಿ ಸುರಕ್ಷತೆ ಅಂದರೆ ಸಾಮಾನ್ಯವಾಗಿ "ಬೆಲ್ಟ್ ಹಾಕಿದ್ದಾರಲ್ಲ" ಅನ್ನೋ ಮಾತಿಗೆ ಮುಗಿದುಹೋಗುತ್ತೆ. ಬೆಲ್ಟ್ ಒಂದು ತುಂಡು ಅಷ್ಟೇ. ಮೈಗೆ ಹಾಕುವ ಹಾರ್ನೆಸ್, ಅದರ ಬೆನ್ನಿನ ಉಂಗುರದಿಂದ ಹೊರಡುವ ಕೊಕ್ಕೆಯ ಪಟ್ಟಿ, ಆ ಕೊಕ್ಕೆ ಸಿಕ್ಕಿಸುವ ಲೈಫ್‌ಲೈನ್, ಆ ಲೈಫ್‌ಲೈನ್ ಕಟ್ಟಿರುವ ಗಟ್ಟಿ ಜಾಗ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಉಳಿದ ಮೂರು ಬರೀ ಅಲಂಕಾರ. ಸೊಂಟಕ್ಕೆ ಮಾತ್ರ ಸುತ್ತುವ ಬೆಲ್ಟಂತೂ ಬೇಡವೇ ಬೇಡ. ಬಿದ್ದಾಗ ಇಡೀ ಏಟು ಹೊಟ್ಟೆ, ಬೆನ್ನುಮೂಳೆಗೆ ಬೀಳುತ್ತೆ, ಇಲ್ಲಾ ಮನುಷ್ಯ ಅದರಿಂದಲೇ ನುಸುಳಿ ಹೋಗ್ತಾನೆ. ಬೀಳುವುದನ್ನು ತಡೆಯೋಕೆ ಅದನ್ನು ಬಳಸಬಾರದು ಅಂತ ಅಮೆರಿಕ 1998ರಲ್ಲೇ ನಿಯಮ ಮಾಡಿತು. ಭುಜ, ಎದೆ, ತೊಡೆ ಎಲ್ಲ ಸುತ್ತುವ ಪೂರ್ತಿ ಹಾರ್ನೆಸ್ಸೇ ಬೇಕು. ಕೊಳ್ಳುವಾಗ ಅದರ ಮೇಲೆ ಐಎಸ್ 3521 ಅನ್ನೋ ಗುರುತು ಇದೆಯಾ ನೋಡಿ.

ಈಗ ನನಗೆ ನಿದ್ದೆ ಕೆಡಿಸಿದ ಲೆಕ್ಕ. ಪೆನ್ನು ಇದ್ರೆ ತಗೊಳ್ಳಿ.

ಅಂಗಡಿಯಲ್ಲಿ ಸಿಗುವ ಕೊಕ್ಕೆಯ ಪಟ್ಟಿ ಹೆಚ್ಚುಕಡಿಮೆ 1.8 ಮೀಟರ್, ಅಂದರೆ ಆರಡಿ. ಕೆಲಸಗಾರ ಅದನ್ನು ತನ್ನ ಕಾಲ ಮಟ್ಟದಲ್ಲೇ ಯಾವುದೋ ಕಂಬಿಗೆ ಸಿಕ್ಕಿಸಿದ ಅಂತಿಟ್ಟುಕೊಳ್ಳಿ. ಬಿದ್ದ. ಪಟ್ಟಿ ಬಿಗಿಯಾಗೋದೇ ಕೊಕ್ಕೆಯಿಂದ 1.8 ಮೀಟರ್ ಕೆಳಗೆ. ಅದರ ಜೊತೆಗಿರುವ ಏಟು ತಗ್ಗಿಸುವ ಮಡಿಕೆ ಹರಿದು ಬಿಚ್ಚಿಕೊಳ್ಳೋಕೆ ಇನ್ನೂ ಒಂದು ಮೀಟರ್‌ಗಿಂತ ಜಾಸ್ತಿ. ಬೆನ್ನಿನ ಉಂಗುರದಿಂದ ಪಾದದವರೆಗೆ ಒಂದೂವರೆ ಮೀಟರ್. ಕೂಡಿಸಿ: ನಾಲ್ಕು ಮೀಟರ್ ದಾಟಿತು. ಮೇಲೆ ಒಂದು ಮೀಟರ್ ಕೈಗಾವಲು ಇಟ್ಟರೆ ಐದೂವರೆ ಹತ್ತಿರ. ನಮ್ಮ ಮನೆಗಳ ಒಂದು ಮಹಡಿ ಎಷ್ಟು? ಹತ್ತಡಿ, ಮೂರು ಮೀಟರ್. ಅಂದರೆ ಒಂದಂತಸ್ತಿನ ಮನೆಯ ಅಂಚಿನಿಂದ ಬಿದ್ದರೆ ಪಟ್ಟಿ ಕೆಲಸ ಮುಗಿಸುವ ಮೊದಲೇ ಮನುಷ್ಯ ನೆಲದಲ್ಲಿರ್ತಾನೆ. ಹಾರ್ನೆಸ್ ಹಾಕಿದ್ದ, ಕೊಕ್ಕೆ ಸಿಕ್ಕಿಸಿದ್ದ, ಆದರೂ. ಮೂರು ಮೀಟರ್ ಬೀಳೋಕೆ ಮುಕ್ಕಾಲು ಸೆಕೆಂಡ್ ಚಿಲ್ಲರೆ ಸಾಕು. ನೆಲ ಮುಟ್ಟುವಾಗಿನ ವೇಗ ಗಂಟೆಗೆ 27 ಕಿಲೋಮೀಟರ್.

"ನಮ್ಮದು ಬರೀ ಒಂದಂತಸ್ತು, ಹಗ್ಗ ಯಾಕೆ" ಅನ್ನೋದು ಇದಕ್ಕೇ ಉಲ್ಟಾ ವಾದ. ಮನೆ ಗಿಡ್ಡ ಇದ್ದಷ್ಟೂ ಹಗ್ಗ ಕಟ್ಟುವ ರೀತಿ ಇನ್ನೂ ಕಟ್ಟುನಿಟ್ಟಾಗಿರಬೇಕು.

ಹಾಗಾದರೆ ಸರಿ ಯಾವುದು? ಹಗ್ಗ ತಲೆಗಿಂತ ಮೇಲಿನಿಂದ ಇಳಿದು ಬರಬೇಕು. ಇಳಿಜಾರು ಮಾಡಿನಲ್ಲಾದರೆ ನೆತ್ತಿಯ ಕಡೆಯಿಂದ. ಆ ಹಗ್ಗದ ಮೇಲೆ ರೋಪ್ ಗ್ರ್ಯಾಬ್ ಅಂತ ಒಂದು ಹಿಡಿಕೆ ಕೂರುತ್ತೆ. ಮೆಲ್ಲಗೆ ನಡೆದರೆ ಜೊತೆಗೇ ಜಾರುತ್ತೆ, ಜೋರಾಗಿ ಎಳೆದರೆ ಕಚ್ಚಿಕೊಳ್ಳುತ್ತೆ, ಕಾರಿನ ಸೀಟ್ ಬೆಲ್ಟ್ ಥರ. ಹಾರ್ನೆಸ್‌ಗೂ ಈ ಹಿಡಿಕೆಗೂ ನಡುವಿನ ಪಟ್ಟಿ ಗಿಡ್ಡ ಇರಬೇಕು. ಆಗ ಬೀಳೋದು ಮೀಟರ್‌ಗಟ್ಟಲೆ ಅಲ್ಲ, ಕೆಲವು ಅಡಿ. ಒಂದು ಹಗ್ಗಕ್ಕೆ ಒಬ್ಬನೇ. ಇಬ್ಬರು ಹಂಚಿಕೊಂಡರೆ ಒಬ್ಬ ಬಿದ್ದಾಗ ಇನ್ನೊಬ್ಬನನ್ನೂ ಎಳೆದುಕೊಂಡು ಹೋಗ್ತಾನೆ.

ಕಟ್ಟುವ ಜಾಗ ಅಂದೆನಲ್ಲ, ಹೆಚ್ಚು ಎಡವಟ್ಟಾಗೋದು ಅಲ್ಲೇ. ಬೀಳುವ ಮನುಷ್ಯನನ್ನು ಹಿಡಿಯುವಾಗ ಮೈಮೇಲೆ ಬರುವ ಎಳೆತ 8 ಕಿಲೋನ್ಯೂಟನ್ ದಾಟಬಾರದು ಅನ್ನೋದು ಅಮೆರಿಕದ ಮಿತಿ. ಅದೇ ಸುಮಾರು 800 ಕಿಲೋ ತೂಗುಹಾಕಿದ ಹಾಗೆ. ಕಟ್ಟುವ ಜಾಗ ಒಬ್ಬನಿಗೆ 5,000 ಪೌಂಡ್, ಅಂದರೆ 2,268 ಕಿಲೋ ತಡೆಯಬೇಕು ಅನ್ನೋದು ಅಲ್ಲಿನ ಸಾಮಾನ್ಯ ಲೆಕ್ಕ. ಈಗ ನಮ್ಮ ಸೈಟಿಗೆ ಬನ್ನಿ. ಸಾರ್ವೆಯ ಬೊಂಬು? ಆಗಲ್ಲ. ಮೊನ್ನೆ ಕಟ್ಟಿದ ಪ್ಯಾರಾಪೆಟ್ ಗೋಡೆ? ಆಗಲ್ಲ. ಕಾಲಂನಿಂದ ಮೇಲಕ್ಕೆ ನಿಂತಿರುವ ಕಂಬಿ? ಅದು ಬಾಗುತ್ತೆ, ಹಗ್ಗ ಮೇಲಿನಿಂದ ಕಳಚಿಕೊಂಡು ಬರುತ್ತೆ. ಕ್ಯೂರಿಂಗ್ ಮುಗಿದ ಆರ್‌ಸಿಸಿ ಕಾಲಂ ಅಥವಾ ಭೀಮಿನ ಸುತ್ತ ಪಟ್ಟಿ ಸುತ್ತಿ ಹಾಕಿದರೆ ಸರಿ.

ಹೆಂಚಿನ ಮನೆಯಲ್ಲಿ ರೀಪಿಗೆ ಕಟ್ಟೋದು ದಾರಕ್ಕೆ ಕಟ್ಟಿದ ಹಾಗೆಯೇ. ಹಳೇ ಪಕ್ಕಾಸನ್ನೂ ಗೆದ್ದಲು ಎಷ್ಟು ತಿಂದಿದೆಯೋ ಹೊರಗಿನಿಂದ ಕಾಣಲ್ಲ. ಅಲ್ಲಿ ಒಳ್ಳೇ ಉಪಾಯ ಅಂದರೆ ಹಗ್ಗವನ್ನು ನೆತ್ತಿಯ ಮೇಲಿಂದ ಮನೆಯ ಆಚೆ ಬದಿಗೆ ಇಳಿಸಿ, ಅಲ್ಲಿ ದಪ್ಪ ಕಾಂಡದ ಹಲಸೋ ಮಾವೋ ಇದ್ದರೆ ಅದರ ಬುಡಕ್ಕೆ ಕಟ್ಟೋದು. ಅಡಿಕೆ ಮರಕ್ಕಲ್ಲ. ನಿಲ್ಲಿಸಿದ ಪಿಕಪ್ ಗಾಡಿಗಂತೂ ಬೇಡ, ಯಾರೋ ಬಂದು ಸ್ಟಾರ್ಟ್ ಮಾಡಿಕೊಂಡು ಹೊರಟರೆ ಮುಗಿಯಿತು. ಹಗ್ಗ ತಿರುಗುವ ಕಡೆ ಹೆಂಚಿನ ಅಂಚು ಕೊಯ್ಯದ ಹಾಗೆ ಗೋಣಿಚೀಲ ಮಡಚಿ ಇಡಿ. ಬಾವಿಗೆ ಹಾಕುವ ನೀಲಿ ಪ್ಲಾಸ್ಟಿಕ್ ಹಗ್ಗ ಬೇಡ, ಬಿಸಿಲಿಗೆ ಅದರ ಜೀವ ಹೋಗಿರುತ್ತೆ. ಕಟ್ಟಿದ ಜಾಗದಿಂದ ಪಕ್ಕಕ್ಕೆ ತುಂಬಾ ದೂರ ಹೋಗಿ ಬಿದ್ದರೆ ಮನುಷ್ಯ ಗಡಿಯಾರದ ಲೋಲಕದಂತೆ ಬೀಸಿಕೊಂಡು ಬಂದು ಗೋಡೆಗೆ ಬಡಿಯುತ್ತಾನೆ. ಅದಕ್ಕೇ ಕೆಲಸ ಪಕ್ಕಕ್ಕೆ ಸರಿದಂತೆ ಹಗ್ಗವೂ ಸರಿಯಬೇಕು.

ಇನ್ನೊಂದು ಮಾತು. ಎರಡು ಕಂಬದ ನಡುವೆ ಅಡ್ಡ ತಂತಿ ಬಿಗಿದು ಎಲ್ಲರೂ ಅದಕ್ಕೇ ಕೊಕ್ಕೆ ಹಾಕಿಕೊಳ್ಳೋದು ನೋಡಿರ್ತೀರಿ. ಬಟ್ಟೆ ಒಣಹಾಕುವ ತಂತಿ ನೆನಪಿಸಿಕೊಳ್ಳಿ. ಬಿಗಿಯಾಗಿದ್ದಷ್ಟೂ ಒಂದು ಒದ್ದೆ ಬೆಡ್‌ಶೀಟ್‌ಗೇ ಮೊಳೆ ಕಿತ್ತು ಬರುತ್ತಲ್ಲ? ಅದೇ ಇದು. ತಂತಿ ಐದು ಡಿಗ್ರಿ ಮಾತ್ರ ಬಾಗಿದ್ದರೆ ನಡುವೆ ಬಿದ್ದ ಭಾರದ ಐದಾರು ಪಟ್ಟು ಎಳೆತ ಎರಡೂ ತುದಿಗೆ ಹೋಗುತ್ತೆ. ಇದನ್ನು ಎಂಜಿನಿಯರ್ ಲೆಕ್ಕ ಹಾಕದೆ ಮಾಡಬಾರದು.

ಶೀಟ್ ಮಾಡಿನಲ್ಲಿ ಅಂಚಿಗಿಂತ ದೊಡ್ಡ ಅಪಾಯ ಕಾಲ ಕೆಳಗೇ ಇದೆ. ಹಳೇ ಸಿಮೆಂಟ್ ಶೀಟ್ ನೋಡೋಕೆ ಗಟ್ಟಿ, ಕಾಲಿಟ್ಟರೆ ಹಪ್ಪಳ. ಬೋಲ್ಟ್ ಸಾಲಿನ ಮೇಲೇ ನಡೀತೀವಿ ಅಂತ ಕೆಲಸಗಾರರು ಹೇಳ್ತಾರೆ. ಒಂದು ಹೆಜ್ಜೆ ತಪ್ಪಿದರೆ? ಅಡಿಯ ಪೈಪುಗಳಿಗೆ ಅಡ್ಡಲಾಗಿ ಹಲಗೆ ಹಾಸಿ ಅದರ ಮೇಲೇ ನಡೆಯಬೇಕು. ಹಗ್ಗ ಅದರ ಜೊತೆಗೆ, ಅದರ ಬದಲಿಗೆ ಅಲ್ಲ.

ಈ ಸಂಚಿಕೆಗಾಗಿ ಶೀಟ್ ಕೆಲಸ ಮಾಡುವ ಒಬ್ಬ ಹಿರಿಯ ಮೇಸ್ತ್ರಿ ಹತ್ತಿರ ಮಾತಾಡಿದೆ. ಹೆಸರು ಬೇಡ ಅಂದರು. ಮೊದಲು ಹೇಳಿದ್ದು, "ಹಗ್ಗ ಕಾಲಿಗೆ ಸಿಕ್ಕಾಕೊಳ್ತದೆ ಕಣಮ್ಮ, ಅದರಿಂದಲೇ ಬೀಳ್ತೀವಿ." ಇದರಲ್ಲಿ ಅರ್ಧ ನಿಜ ಇದೆ. ಉದ್ದ ಪಟ್ಟಿ ಬಿಟ್ಟುಕೊಂಡು ಓಡಾಡಿದರೆ ಹಾಗೇ ಆಗುತ್ತೆ. ಆಮೇಲೆ ಟೀ ಕುಡೀತಾ ನಿಜವಾದ ಕಾರಣ ಬಂತು. "ನಮಗೆ ಚದರದ ಲೆಕ್ಕ. ಹಗ್ಗ ಕಟ್ಟಿ ಬಿಚ್ಚೋಕೆ ಒಂದು ಗಂಟೆ ಹೋಗ್ತದೆ, ಆ ಗಂಟೆಗೆ ಯಾರು ಕೊಡ್ತಾರೆ?"

ನೋಡಿ, ನನ್ನ ಮಟ್ಟಿಗೆ ಇಡೀ ಸಮಸ್ಯೆ ಈ ಒಂದು ವಾಕ್ಯದಲ್ಲಿದೆ. ಅವರಿಗೆ ಭಯ ಇಲ್ಲ ಅಂತಲ್ಲ, ತಿಳಿವಳಿಕೆ ಇಲ್ಲ ಅಂತಲೂ ಅಲ್ಲ. ಚದರಕ್ಕೆ ಇಷ್ಟು ಅಂತ ರೇಟ್ ಮಾತಾಡಿದಾಗ ಸುರಕ್ಷತೆಯ ಖರ್ಚು ಕೂಲಿಯವನ ಜೇಬಿನಿಂದಲೇ ಕಡಿತ ಆಗುತ್ತೆ.

ಕಾನೂನು ಏನು ಮಾಡುತ್ತೆ? 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಇದ್ದದ್ದು ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆಗೆ. 10 ಲಕ್ಷದೊಳಗಿನ ಸ್ವಂತ ಮನೆ ಅದರ ಹೊರಗಿತ್ತು. 2020ರ ಹೊಸ ಸಂಹಿತೆ ಆ ಮಿತಿಯನ್ನು 50 ಲಕ್ಷಕ್ಕೆ ಏರಿಸಿದೆ. ಮೂವರು ಬಂದು ಶೀಟ್ ಹಾಕಿ ಹೋಗುವ ಕೆಲಸ ಎರಡರಲ್ಲೂ ಸಿಗಲ್ಲ.

ಪರಿಹಾರದ ಲೆಕ್ಕವನ್ನೂ ನೋಡಿಬಿಡೋಣ. 1923ರ ಕಾಯ್ದೆ ಜಾರಿಯಲ್ಲಿದ್ದಾಗ ಅದರ ಸೂತ್ರದಲ್ಲಿ 30 ವರ್ಷದವನು ಸತ್ತರೆ, 15,000 ರೂಪಾಯಿ ಸಂಬಳದ ಮಿತಿಯ ಅರ್ಧಕ್ಕೆ 207.98 ಗುಣಿಸಬೇಕಿತ್ತು: 15,59,850 ರೂಪಾಯಿ. ಆದರೆ ಸ್ವಂತ ಮನೆ ರಿಪೇರಿಯಲ್ಲಿ ಮಾಲೀಕ ಯಾರು, ಮನೆಯವರೋ ಮೇಸ್ತ್ರಿಯೋ ಅನ್ನೋದೇ ಜಗಳ. ಆ ಮೇಸ್ತ್ರಿಯೂ ನಾಳೆ ಕೂಲಿಗೆ ಹೋಗುವವರೇ. ಇನ್ನೊಂದು ಕಡೆ ಹಾರ್ನೆಸ್, ಹಗ್ಗ, ರೋಪ್ ಗ್ರ್ಯಾಬ್ ಸೇರಿ ಒಬ್ಬರಿಗೆ ಕೆಲವು ಸಾವಿರ. ಯಾರ ಮೇಲೂ ಬೀಳದಿದ್ದರೆ ವರ್ಷಗಟ್ಟಲೆ ಬರುತ್ತೆ. ಒಮ್ಮೆ ಒಬ್ಬನನ್ನು ಹಿಡಿದ ಸೆಟ್ ಮಾತ್ರ ಮತ್ತೆ ಬಳಸಬಾರದು.

ಹಾಗಾಗಿ ಮನೆ ಕಟ್ಟಿಸುವವರಿಗೆ ನನ್ನ ಸಲಹೆ: ಎಸ್ಟಿಮೇಟ್‌ನಲ್ಲಿ ಇದಕ್ಕೆ ಬೇರೆ ಸಾಲು ಬರೆಸಿ. ಸಾಮಾನಿನ ಬಾಡಿಗೆ ಇಷ್ಟು, ಕಟ್ಟಿ ಬಿಚ್ಚುವ ಸಮಯಕ್ಕೆ ಇಷ್ಟು, ಚದರದ ರೇಟಿನ ಹೊರಗೆ. ಅಡ್ವಾನ್ಸ್ ಕೊಡುವ ದಿನವೇ "ಹಗ್ಗ ಎಲ್ಲಿಗೆ ಕಟ್ತೀರಿ, ತೋರಿಸಿ" ಅಂತ ಕೇಳಿ. ಹೊಸ ಮನೆಯಾದರೆ ಮೋಲ್ಡ್ ಹಾಕುವಾಗಲೇ ಕಾಲಂ ಹತ್ತಿರ ಎರಡು ಗಟ್ಟಿ ಕೊಂಡಿ ಕೂರಿಸಲು ಎಂಜಿನಿಯರ್‌ಗೆ ಹೇಳಿ. ಮುಂದೆ ಸೋಲಾರ್, ಟ್ಯಾಂಕ್ ಅಂತ ಹತ್ತುವವರಿಗೂ ಆಗುತ್ತೆ.

ಮತ್ತೆ, ಉದ್ದದ ಏಣಿ ಒಂದು ಸೈಟಿನಲ್ಲೇ ಇರಲಿ. ಹಗ್ಗ ಹಿಡಿದ ಮೇಲೂ ಮನುಷ್ಯ ಹಾರ್ನೆಸ್‌ನಲ್ಲಿ ಅಲ್ಲಾಡದೆ ನೇತಾಡುತ್ತಾ ಇದ್ದರೆ ರಕ್ತ ಕಾಲಲ್ಲೇ ನಿಂತು ಪ್ರಜ್ಞೆ ತಪ್ಪಬಹುದು. ಫೈರ್ ಸ್ಟೇಷನ್‌ನವರು ಬರೋವರೆಗೆ ಕಾಯೋಕಾಗಲ್ಲ, ನಿಮಿಷಗಳಲ್ಲಿ ಇಳಿಸಬೇಕು. ಯಾರು ಏಣಿ ಹಿಡೀತಾರೆ, ಯಾರು 108ಕ್ಕೆ ಫೋನ್ ಮಾಡ್ತಾರೆ ಅನ್ನೋದು ಬೆಳಿಗ್ಗೆ ಹತ್ತುವ ಮೊದಲೇ ಮಾತಾಗಿರಲಿ.

ಮುಂದಿನ ವಾರ ಕಟ್ಟಡ ಕಾರ್ಮಿಕರ ಸೆಸ್ ದುಡ್ಡು, ಆ ಒಂದು ಪರ್ಸೆಂಟ್ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ ಅಂತ ನೋಡೋಣ. ಸಿಗೋಣ.