ಡ್ರಮ್ಮಿನ ಮೇಲಿನ ಬುರುಡೆ

2011ರಲ್ಲಿ ಮುಂಗಾರಿಗೆ ಮುಂಚೆ ನಮ್ಮ ಮನೆಗೆ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು ಬಂತು. ಇನ್ನೂರು ಲೀಟರಿನದು. ಮಡಕಶಿರಾ ಸೀಮೆಯ ನೀರಿನ ಕಷ್ಟ ಬಲ್ಲವರಿಗೆ ಡ್ರಮ್ಮಿನ ಬೆಲೆ ನಾನು ಹೇಳಬೇಕಾಗಿಲ್ಲ. ಬೋರಿಗೆ ಕರೆಂಟು ಬಂದಾಗ ತುಂಬಿಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಹತ್ತಿರದ ಪೇಟೆಯ ಒಂದು ಗುಜರಿ ಅಂಗಡಿಯಲ್ಲಿ ಚೌಕಾಸಿ ಮಾಡಿ ತಂದೆ. "ಏನಿತ್ತಪ್ಪಾ ಇದರಾಗೆ?" ಅಂತ ಕೇಳಿದ್ದಕ್ಕೆ, "ಎಣ್ಣೆ ಸಾ, ತೊಳುದ್ರೆ ಹೋಗ್ತೈತೆ" ಅಂದ.

ಡ್ರಮ್ಮಿನ ಹೊಟ್ಟೆಯ ಮೇಲೆ ಒಂದು ಚೀಟಿ ಅಂಟಿತ್ತು, ಅರ್ಧ ಕೆರೆದಿದ್ದರು. ಇಸ್ಪೀಟಿನ ಡೈಮನ್ನಿನ ಹಾಗೆ ಮೂಲೆಯ ಮೇಲೆ ನಿಂತ ಬಿಳಿ ಚೌಕ, ಅದರೊಳಗೆ ತಲೆಬುರುಡೆ ಮತ್ತು ಎರಡು ಮೂಳೆ, ಕೆಳಗಿನ ಮೂಲೆಯಲ್ಲಿ 6 ಎಂಬ ಅಂಕಿ. ಪಕ್ಕದಲ್ಲಿದ್ದ ಇಂಗ್ಲಿಷ್ ಅಕ್ಷರ ಕೆರೆದು ಹೋಗಿತ್ತು. ಬುರುಡೆ ಕಂಡೂ ಅನುಮಾನ ಬರಲಿಲ್ಲವೇ ಅಂತ ಓದುಗರು ಕೇಳಬಹುದು. ಬಂತು. ಆದರೆ ಟ್ರಾನ್ಸ್‌ಫಾರ್ಮರಿನ ಬೋರ್ಡಿನ ಮೇಲೂ ಬುರುಡೆ, ಇಲಿ ಪಾಷಾಣದ ಪೊಟ್ಟಣದ ಮೇಲೂ ಬುರುಡೆ. ನೋಡಿ ನೋಡಿ ನಮಗೆ ಅದರ ಭಯ ಸವೆದು ಹೋಗಿದೆ. ಮನೆಯಾಕೆ ಸೋಪಿನಪುಡಿ ಹಾಕಿ ಎರಡು ಸಲ ಉಜ್ಜಿ ತೊಳೆದಳು. ನೀರು ತುಂಬಿದೆವು.

ಆಗ ಮನೆಯಲ್ಲಿ ನೂರು ಮೊಟ್ಟೆಯ ರೇಷ್ಮೆ ಬೆಳೆ. ಹುಳ ನಾಲ್ಕನೇ ಜ್ವರದಿಂದ ಎದ್ದು ಮೇವಿಗೆ ಬಿದ್ದಿದ್ದವು. ಕೊಯ್ದ ಸೊಪ್ಪು ಬಾಡದಿರಲಿ ಅಂತ ಗೋಣಿ ಅದ್ದಿ ಹೊದಿಸುವುದು ವಾಡಿಕೆ. ಆ ಸಂಜೆ ಗೋಣಿ ಅದ್ದಿದ್ದು ಹೊಸ ಡ್ರಮ್ಮಿನ ನೀರಿಗೆ. ಬೆಳಗ್ಗೆ ನೋಡಿದರೆ ತಟ್ಟೆ ತಟ್ಟೆಯಲ್ಲೂ ಹುಳ ತಲೆ ಎತ್ತಿ ಒದ್ದಾಡುತ್ತಾ ಹಸಿರು ರಸ ಕಕ್ಕುತ್ತಿವೆ. ಮಧ್ಯಾಹ್ನಕ್ಕೆ ಎಲ್ಲಾ ಮುದುಡಿದವು. ಸಾಲದ ಮಾತು ಬಿಡಿ, ಅದು ಹೇಗೋ ತೀರಿತು. ನನ್ನ ಚಿಕ್ಕ ಮಗಳಿಗೆ ಆಗ ನಾಲ್ಕು ವರ್ಷ. ಅದೇ ಡ್ರಮ್ಮಿಗೆ ಚೊಂಬು ಅದ್ದಿ ಆಡುತ್ತಿದ್ದಳು. ಅವಳಿಗಿಂತ ಮುಂಚೆ ಹುಳ ಕುಡಿದವು, ಅಷ್ಟೆ.

ಆ ಚೀಟಿಯನ್ನು ನನಗೆ ಓದಿ ಹೇಳಿದವನು ನಮ್ಮ ಅಕ್ಕನ ಮಗ. ಟ್ಯಾಂಕರ್ ಲಾರಿ ಓಡಿಸುತ್ತಾನೆ. ಅಪಾಯದ ಸರಕು ಹೊರುವ ಲಾರಿಯವನಿಗೆ ಬೇರೆ ತರಬೇತಿ ಆಗಿರಬೇಕು. ಸಂವಿಧಾನದ ಎಂಟನೇ ಷೆಡ್ಯೂಲಿನ ಒಂದು ಭಾಷೆಯ ಜೊತೆಗೆ ಇಂಗ್ಲಿಷೂ ಓದಿ ಬರೆಯಲು ಬರಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. "ನಮ್ಗೆ ಕನ್ನಡ, ತೆಲುಗು ಎರಡೂ ಐತಲ್ಲ ಮಾಮಾ, ಒಂದು ಹೆಚ್ಗೇನೇ ಆಯ್ತು" ಅಂತ ನಗುತ್ತಾನೆ. ಡ್ರಮ್ಮು ನೋಡಿದವನು ಮಾತ್ರ ನಗಲಿಲ್ಲ. "ಇದು ಹಡಗಿನ ಚೀಟಿ ಮಾಮಾ. ಆರನೇ ಕ್ಲಾಸು ಅಂದ್ರೆ ವಿಷ" ಅಂದ.

ಅವನಿಂದ ತಿಳಿದದ್ದಕ್ಕೆ ನಾನು ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ. ಒಂದು ದೇಶದ ಬಂದರಿನಲ್ಲಿ ಹತ್ತಿಸಿದ ಪೀಪಾಯಿಯನ್ನು ಇನ್ನೊಂದು ದೇಶದ ಬಂದರಿನಲ್ಲಿ ಇಳಿಸುವ ಕೂಲಿಯವನಿಗೆ ಅದರ ಮೇಲಿನ ಭಾಷೆ ಬರಲಿಕ್ಕಿಲ್ಲ. ಅದಕ್ಕೇ ಬಣ್ಣ, ಚಿತ್ರ, ಅಂಕಿಗಳಲ್ಲಿ ಹೇಳುವ ಏರ್ಪಾಟು. ವಿಶ್ವಸಂಸ್ಥೆಯ ತಜ್ಞರ ಸಮಿತಿಯ ಶಿಫಾರಸು ಮೊದಲು ಅಚ್ಚಾದದ್ದು 1956ರಲ್ಲಿ. ಹಡಗಿನ ಸರಕಿಗೇ ಎಂದು ಅಂತರರಾಷ್ಟ್ರೀಯ ಸಂಹಿತೆ ಬಂದದ್ದು 1965ರಲ್ಲಿ. ಅಪಾಯದ ಸರಕನ್ನು ಒಂಬತ್ತು ವರ್ಗ ಮಾಡಿದ್ದಾರೆ. ಸಿಡಿಯುವುದಕ್ಕೆ ಕಿತ್ತಳೆ ಬಣ್ಣ. ಪೆಟ್ರೋಲಿನಂಥ ಉರಿಯುವ ದ್ರವಕ್ಕೆ ಕೆಂಪು. ಉರಿಯದ, ವಿಷವೂ ಅಲ್ಲದ ಅನಿಲಕ್ಕೆ ಹಸಿರು. ನೀರು ತಾಗಿದರೆ ಉರಿಯುವ ಅನಿಲ ಬಿಡುವ ವಸ್ತುವಿಗೆ ನೀಲಿ. ಬೆಂಕಿಗೆ ಇನ್ನಷ್ಟು ಬಲ ಕೊಡುವಂಥದ್ದಕ್ಕೆ ಹಳದಿ. ವಿಷಕ್ಕೆ ಬಿಳಿಯ ಮೇಲೆ ಬುರುಡೆ. ಆಸಿಡ್ಡಿಗೆ ಮೇಲರ್ಧ ಬಿಳಿ, ಕೆಳಗರ್ಧ ಕಪ್ಪು. ಪೀಪಾಯಿಯ ಮೇಲೆ ಹತ್ತು ಸೆಂಟಿಮೀಟರಿನ ಚೌಕವಾದರೆ ಕಂಟೈನರಿನ ಮೇಲೆ ಇಪ್ಪತ್ತೈದು ಸೆಂಟಿಮೀಟರಿನದು. ಸಮುದ್ರದ ನೀರಿನಲ್ಲಿ ಮೂರು ತಿಂಗಳು ಮುಳುಗಿದ್ದರೂ ಗುರುತು ಸಿಗುವಂತಿರಬೇಕು ಅಂತ ಕಟ್ಟಳೆ. ನಮ್ಮಲ್ಲಿ ಗುಜರಿಯವನ ಚಾಕುವಿಗೆ ಮೂರು ನಿಮಿಷ ತಾಳಲಿಲ್ಲ.

ಇನ್ನೊಂದು ಕಟ್ಟಳೆ ಕೇಳಿ ಎದೆ ಝಲ್ ಅಂತು. ಸರಕು ಖಾಲಿಯಾದರೂ ಡ್ರಮ್ಮಿನ ಒಳಗೆ ಶುದ್ಧ ಆಗುವ ತನಕ, ತುಂಬಿದ್ದಾಗ ಇದ್ದ ಚೀಟಿಯೇ ಇರಬೇಕು. ಅಂದರೆ ಆ ಬುರುಡೆ ಹಳೇ ಕಥೆಯನ್ನು ಹೇಳುತ್ತಿರಲಿಲ್ಲ. ಒಳಗೆ ಇನ್ನೂ ಇದ್ದೀನಿ ಅಂತಲೇ ಹೇಳುತ್ತಿತ್ತು.

ಇಷ್ಟಕ್ಕೆ ಮುಗಿಯಿತು ಅಂದುಕೊಂಡರೆ, ಅದೇ ಸಂಜೆ ನನಗೂ ಅಳಿಯನಿಗೂ ವಾದ ಬಿತ್ತು. ಹಟ್ಟಿಯ ಗೋಡೆಗೂಡಿನಲ್ಲಿ ಬೆಳೆಗೆ ಹೊಡೆಯುವ ಔಷಧಿಯ ಬಾಟಲಿಗಳಿದ್ದವು. ಅವುಗಳ ಮೇಲೂ ಮೂಲೆ ಮೇಲಾದ ಚೌಕವೇ. ನೀಲಿ ಕಂಡವನೇ "ಮಾಮಾ, ಇದಕ್ಕೆ ನೀರು ತಗಲಿಸ್ಬೇಡ" ಅಂದ. "ನೀರಿಗೆ ಹಾಕದೆ ಸ್ಪ್ರೇಯರಿಗೆ ಹೆಂಗೆ ತುಂಬ್ಲೋ?" ಅಂತ ನಾನು. ಇಬ್ಬರೂ ಸರಿ! ನಮ್ಮ ದೇಶದ ಕೀಟನಾಶಕಕ್ಕೆ 1971ರ ನಿಯಮದ ಬೇರೆ ಬಣ್ಣದ ಲೆಕ್ಕ ಇದೆ. ಕೆಳಗಿನ ತ್ರಿಕೋನ ಕೆಂಪಾದರೆ ಅತಿ ಘೋರ ವಿಷ, ಹಳದಿಯಾದರೆ ಅದರ ನಂತರದ್ದು, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಕಡಿಮೆ. ಹಡಗಿನಲ್ಲಿ ಕೆಂಪು ಅಂದರೆ ಬೆಂಕಿ, ಹೊಲದಲ್ಲಿ ಕೆಂಪು ಅಂದರೆ ಸಾವು. ಅದೇ ಆಕಾರ, ಅವೇ ಬಣ್ಣ, ಅರ್ಥ ಬೇರೆ.

ಎರಡು ಭಾಷೆಯಲ್ಲಿ ಪದ್ಯ ಕಟ್ಟುವ ನನಗೆ ಇದು ಹೊಸದಾಗಿ ಕಾಣಬಾರದಿತ್ತು. ತೆಲುಗಿನವರಿಗೆ ‘ಮಾಟ’ ಅಂದರೆ ಮಾತು. ಅದೇ ಪದ ಕನ್ನಡದಲ್ಲಿ ಬಾಯಿಗೆ ಬಂದರೆ ನಿಂಬೆಹಣ್ಣು, ಕುಂಕುಮ ನೆನಪಾಗಿ ಜನ ದೂರ ಸರಿಯುತ್ತಾರೆ. ಗಡಿಯಲ್ಲಿ ಹುಟ್ಟಿದ ಮಗು ಯಾರ ಮನೆಯ ಜಗಲಿಯಲ್ಲಿ ಯಾವ ‘ಮಾಟ’ ಅಂತ ತಾನಾಗಿ ಕಲಿಯುತ್ತದೆ. ಬಣ್ಣದ ಮಾತನ್ನು ನಮಗೆ ಯಾರೂ ಕಲಿಸಲಿಲ್ಲ. ಇನ್ನೂ ಒಂದು ತೊಡಕು: ಕನ್ನಡದಲ್ಲಿ ನಾವು ‘ಔಷಧಿ ಹೊಡೀತೀವಿ’, ತೆಲುಗಿನಲ್ಲಿ ‘ಮಂದು ಕೊಡತಾಮು’. ಎರಡರಲ್ಲೂ ವಿಷಕ್ಕೆ ಮದ್ದು ಅಂತಲೇ ಹೆಸರಿಟ್ಟಿದ್ದೇವೆ. ಹಿಂದಿ, ಇಂಗ್ಲಿಷಿನ ಜೊತೆ ಸ್ಥಳೀಯವಾದ ಒಂದೆರಡು ಭಾಷೆಯಲ್ಲಿ ವಿವರ ಅಚ್ಚಾಗಬೇಕು ಅಂತ ನಿಯಮವೇನೋ ಇದೆ. ನಮ್ಮ ಮನೆಯ ಪಾಡು ನೋಡಿ. ಶಿರಾದಲ್ಲಿ ಕೊಂಡರೆ ಕನ್ನಡದ ಕಾಗದ, ಹಿಂದೂಪುರದಲ್ಲಿ ಕೊಂಡರೆ ತೆಲುಗಿನದು. ಮನೆಯಾಕೆಗೆ ಕನ್ನಡ ಮಾತ್ರ ಓದಲು ಬರುತ್ತದೆ. ಮಗನಿಗೆ ಶಾಲೆಯಲ್ಲಿ ಕಲಿಸಿದ್ದು ತೆಲುಗು. ಅಕ್ಷರವೋ ಇರುವೆಗಿಂತ ಸಣ್ಣ. ಇಬ್ಬರಿಗೂ ಕಾಣುವುದು ಬಣ್ಣ ಒಂದೇ.

2025ರ ಮೇ 25ರಂದು ಕೊಚ್ಚಿಯ ಹೊರಗಿನ ಕಡಲಿನಲ್ಲಿ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಮುಳುಗಿತು. ಇದ್ದ 640 ಕಂಟೈನರುಗಳಲ್ಲಿ 13ರಲ್ಲಿ ಅಪಾಯದ ಸರಕು, ಆ ಪೈಕಿ 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್. ಮಾವಿನಕಾಯಿ ಹಣ್ಣು ಮಾಡಲು ನಿಷೇಧ ಇದ್ದರೂ ಕದ್ದು ಇಡುತ್ತಾರಲ್ಲ, ಅದೇ ಕಲ್ಲು. ನೀರು ತಾಗಿದರೆ ಅಸಿಟಿಲೀನ್ ಅನಿಲ ಬಿಡುತ್ತದೆ. ಅದರ ಚೀಟಿ ನೀಲಿ. ನೀರು ಮುಟ್ಟಿಸಬೇಡಿ ಎಂಬ ಸರಕು ಹೊತ್ತ ಹಡಗು ನೀರಿನ ಪಾಲಾಯಿತು. ದಡಕ್ಕೆ ಬಂದ ಪೆಟ್ಟಿಗೆಗಳಿಂದ 200 ಮೀಟರ್ ದೂರ ಇರಿ ಅಂತ ಕೇರಳದವರು ಜನಕ್ಕೆ ಸಾರಿದರು. ಕರಾವಳಿಯಲ್ಲಿ ರಾಶಿ ಬಿದ್ದ ಪ್ಲಾಸ್ಟಿಕ್ ಕಾಳಿಗೆ ಮಾತ್ರ ಯಾವ ಬಣ್ಣವೂ ಇರಲಿಲ್ಲ. ಒಂಬತ್ತು ವರ್ಗಗಳಲ್ಲಿ ಅದಕ್ಕೆ ಜಾಗ ಇರಲಿಲ್ಲ. ಸುದ್ದಿ ನೋಡುತ್ತಾ ಮನೆಯಾಕೆ, "ನೀಲಿ ಅಂದ್ರೆ ಮಧ್ಯಮ ತಾನೆ?" ಅಂದಳು. ಹೊಲದ ಲೆಕ್ಕದಲ್ಲಿ ಕೇಳಿದಳು. "ಅದು ಹಡಗಿನ ನೀಲಿ" ಅಂದೆ.

ಈಗ ಗೋಡೆಗೂಡಿನ ಮೇಲೆ ಎರಡು ಸಾಲು ಚೌಕ ಬರೆದಿದ್ದೇನೆ, ಮೇಲಿನದು ಹೊಲದ್ದು, ಕೆಳಗಿನದು ಲಾರಿ-ಹಡಗಿನದು. ಪಕ್ಕದಲ್ಲಿ ಕನ್ನಡ, ತೆಲುಗು ಎರಡರಲ್ಲೂ ಅರ್ಥ. ಹಳದಿ ಬಣ್ಣ ಅಗ್ಗದ್ದು ತಂದಿದ್ದೆ, ಎರಡು ಮಳೆಗಾಲಕ್ಕೆ ಬಿಳಿಚಿಕೊಂಡಿದೆ, ಮತ್ತೆ ಬಳಿಯಬೇಕು.

ಆ ಡ್ರಮ್ಮಿಗೆ 2011ರಲ್ಲೇ ಹಾರೆಯಿಂದ ಏಳೆಂಟು ಕಡೆ ತೂತು ಹೊಡೆದೆ. ಹಾಗೇ ಬಿಟ್ಟರೆ ಇನ್ನೊಬ್ಬರ ಮನೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಮುಂದಿನ ವಾರ ತಳ್ಳುಗಾಡಿಯ ಗುಜರಿಯವನು ಬಂದು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ತೂತು ಬಿದ್ದಿದ್ರೆ ಕಾಲು ರೇಟೇ ಸಾ" ಅಂದ. ಕೊಡಲಿಲ್ಲ.