ಸಮಾಜ ಪುಸ್ತಕದಲ್ಲಿ ಕೈಗಾ ಎರಡು ಸಲ ಬರ್ತದೆ

ದೀಪಾವಳಿ ರಜೆಗೆ ಕೋಡಿಬಾಗದ ಮನೆಗೆ ಹೋದಾಗ ಚಿಕ್ಕಪ್ಪನ ಮಗಳಿಗೆ ಪಾಠ ಹೇಳಿಕೊಡೋ ಕೆಲಸ ನನ್ನ ತಲೆಗೆ ಬಿತ್ತು. ಅವಳು ಹತ್ತನೇ ಕ್ಲಾಸು. ಗಣಿತ ಇರಬಹುದು ಅಂತ ಕೂತ್ರೆ ಅವಳು ತಂದಿಟ್ಟಿದ್ದು ಸಮಾಜ ವಿಜ್ಞಾನ. “ದಾದಾ, ಇದನ್ನೆಲ್ಲ ಎಂತಕ್ಕೆ ಓದೋದು? ನೀನು ಇಂಜಿನಿಯರಿಂಗ್‌ಗೆ ಹೋದ್ಮೇಲೆ ಒಂದು ಸಲ ಆದ್ರೂ ಬೇಕಾಯ್ತಾ?” (ಕೇಳಿದ್ದು ಕೊಂಕಣಿಯಲ್ಲಿ. ನಮ್ಮ ಮನೆಯಲ್ಲಿ ಕನ್ನಡ ಬರೋದು ಪುಸ್ತಕ ತೆಗೆದಾಗ ಮಾತ್ರ.)

ಇಲ್ಲ ಅಂತ ಹೇಳೋನಿದ್ದೆ. ಹಾಸ್ಟೆಲ್‌ನಲ್ಲಿ ಯಾರನ್ನು ಕೇಳಿದ್ರೂ ಅದೇ ಉತ್ತರ ಅಲ್ವಾ? 625ರಲ್ಲಿ ನೂರು ಅಂಕ. 80 ಬರವಣಿಗೆಗೆ, 20 ಶಾಲೆಯವರ ಕೈಯಲ್ಲಿ. ಇಸವಿ ಬಾಯಿಪಾಠ ಮಾಡು, ಭಾರತದ ನಕ್ಷೆ ಬಿಡಿಸಿ ಚುಕ್ಕಿ ಇಡು, ಮರೆತುಬಿಡು. ಅದು ಒಂದು ವಿಷಯವೂ ಅಲ್ಲ, ಆರು: ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ. ಆರನ್ನೂ ಸೇರಿಸಿ ಹೊಲಿದ ಕೌದಿ.

ಅವತ್ತಿನ ಪಾಠ ಸಮಾಜಶಾಸ್ತ್ರದ ‘ದುಡಿಮೆ’. ಅಸಂಘಟಿತ ದುಡಿಮೆಗಾರರು ಅಂದ್ರೆ ಯಾರು ಅಂತ ಕೇಳಿದೆ. ಒಂದೇ ಉಸಿರಿಗೆ ವ್ಯಾಖ್ಯೆ ಹೇಳಿದಳು, ಉದಾಹರಣೆಗೆ ಬೀದಿ ವ್ಯಾಪಾರಿಗಳು ಅಂತಲೂ ಸೇರಿಸಿದಳು. ಅದೇ ಹೊತ್ತಿಗೆ ಚಿಕ್ಕಮ್ಮ ಖಾಲಿ ಮೀನಿನ ಬುಟ್ಟಿ ಇಳಿಸಿ ಅಂಗಳದಲ್ಲಿ ಕಾಲು ತೊಳೀತಿದ್ಳು. ಬೆಳಿಗ್ಗೆ ಹೊರಟವಳು, ಪೇಟೆಯೆಲ್ಲ ತಿರುಗಿ ಮಧ್ಯಾಹ್ನ ಬಂದಿದ್ದಾಳೆ. ಇನ್ನು ಅಡುಗೆ, ಆಮೇಲೆ ಒಣಮೀನು ಹರವೋದು. ಅದಕ್ಕೆ ಯಾರೂ ಸಂಬಳ ಕೊಡಲ್ಲ. ಕೂಲಿಯಿಲ್ಲದ ದುಡಿಮೆ ಅಂತ ಪಾಠದಲ್ಲಿ ಅದಕ್ಕೂ ಹೆಸರಿದೆ. “ನಿನ್ನ ಉದಾಹರಣೆ ಅಲ್ಲಿ ಕಾಲು ತೊಳೀತಿದೆ ನೋಡು” ಅಂದೆ. ತಿರುಗಿ ನೋಡಿದಳು, ನಕ್ಕಳು. ಸ್ವಲ್ಪ ಹೊತ್ತಾದ ಮೇಲೆ, “ಆಯಿ ಅಂತ ಬರೆದ್ರೆ ಮಾರ್ಕ್ಸ್ ಕೊಡ್ತಾರಾ?” ಅಂದಳು. ನನಗೆ ಉತ್ತರ ಹೊಳೀಲಿಲ್ಲ.

ಈಗ ಕೈಗಾ ವಿಷಯ. ಭೂಗೋಳದ ಭಾಗದಲ್ಲಿ ಶಕ್ತಿ ಸಂಪನ್ಮೂಲ ಅನ್ನೋ ಕಡೆ ಕೈಗಾ ಒಂದು ಹೆಸರು. ತಾರಾಪುರ, ಕಲ್ಪಾಕಂ, ಕೈಗಾ ಅಂತ ಪಟ್ಟಿ. ಸಮಾಜಶಾಸ್ತ್ರದಲ್ಲಿ ಚಳುವಳಿಗಳ ಪಾಠಕ್ಕೆ ಬಂದ್ರೆ ಮತ್ತೆ ಕೈಗಾ. ಇಲ್ಲಿ ಚಿಪ್ಕೊ, 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಶುರುವಾದ ಅಪ್ಪಿಕೊ ಇವುಗಳ ಜೊತೆ ಅಣುಸ್ಥಾವರ ವಿರೋಧಿ ಹೋರಾಟವಾಗಿ, ಶಿವರಾಮ ಕಾರಂತರ ಹೆಸರಿನ ಜೊತೆ. ಒಂದೇ ಊರು, ಒಂದೇ ಪುಸ್ತಕ, ಎರಡು ಪ್ರಶ್ನೆ. ಮಕ್ಕಳು ಎರಡಕ್ಕೂ ಬೇರೆ ಬೇರೆ ಉತ್ತರ ಬರೀತಾರೆ. ಆ ಎರಡು ಪಾಠ ಒಂದಕ್ಕೊಂದು ಮಾತಾಡೋದೇ ಇಲ್ಲ. ನಾನೂ ಹಾಗೇ ಬರೆದು ಪಾಸಾದವನೇ.

ಕೋಡಿಬಾಗದವರಿಗೆ ಕೈಗಾ ದೂರದ ಚುಕ್ಕಿ ಅಲ್ಲ. ನಮ್ಮಲ್ಲಿ ಸಮುದ್ರ ಸೇರೋ ಕಾಳಿ ನದಿಯ ದಂಡೆಯಲ್ಲೇ, ಮೇಲ್ಗಡೆ ಇರೋದು. 220 ಮೆಗಾವ್ಯಾಟ್‌ನ ನಾಲ್ಕು ಘಟಕ. 700ರ ಇನ್ನೆರಡರ ಕೆಲಸ ನಡೀತಿದೆ. ಕಾರಂತರು ಬರೀ ಲೇಖನ ಬರೆದು ಸುಮ್ಮನಾಗಲಿಲ್ಲ. 1989ರಲ್ಲಿ ನಮ್ಮ ಜಿಲ್ಲೆಯಿಂದ ಲೋಕಸಭೆ ಚುನಾವಣೆಗೇ ನಿಂತರು, ಎಂಬತ್ತು ದಾಟಿದ ವಯಸ್ಸಿನಲ್ಲಿ, ಮತ್ತು ಸೋತರು. ಸಿವಿಲ್‌ನವರಿಗೆ ಮುಂದಿನ ಕಥೆ ಗೊತ್ತಿರಬಹುದು: 1994ರ ಮೇ 13ರಂದು, ಇನ್ನೂ ಕಟ್ಟುತ್ತಿದ್ದಾಗಲೇ, ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದ್ದಾಯ್ತು. ಅದೇ ಒಂದನೇ ಘಟಕ 2018ರ ಡಿಸೆಂಬರ್ 31ರ ತನಕ 962 ದಿನ ನಿಲ್ಲದೆ ಓಡಿ ಜಗತ್ತಿನ ದಾಖಲೆ ಮಾಡಿತು. ಹೆದರಿದವರನ್ನ ಅಜ್ಞಾನಿಗಳು ಅನ್ನೋ ಹಾಗಿಲ್ಲ, ಕಟ್ಟಿದವರನ್ನ ಕೈಲಾಗದವರು ಅನ್ನೋ ಹಾಗೂ ಇಲ್ಲ. ಇಷ್ಟನ್ನ ಹತ್ತನೇ ಕ್ಲಾಸಿನ ಹುಡುಗಿಗೆ ಹೇಳಿದ್ರೆ ಅರ್ಥ ಆಗ್ತದೆ, ಹೇಳಿ ನೋಡಿದ್ದೇನೆ.

ಇತಿಹಾಸವೂ ಹಾಗೇ. 1453, ಕಾನ್‌ಸ್ಟಾಂಟಿನೋಪಲ್, 1498, ಕಲ್ಲಿಕೋಟೆ ಅಂತ ಗಿಣಿಪಾಠ ಒಪ್ಪಿಸ್ತಾರೆ. ಕಾಳುಮೆಣಸಿಗಾಗಿ 17ನೇ ಶತಮಾನದಲ್ಲೇ ಇಂಗ್ಲಿಷರು ನಮ್ಮ ಕಾರವಾರದಲ್ಲೂ ಕೋಠಿ ಹಾಕಿದ್ದರು ಅಂತ ಸೇರಿಸಿದ್ರೆ ಆ ಇಸವಿಗಳಿಗೆ ಜೀವ ಬರ್ತದೆ. ಉಪ್ಪಿನ ಸತ್ಯಾಗ್ರಹ ಅಂದ್ರೆ ದಂಡಿ ಮಾತ್ರ ಅಲ್ಲ, ಬಸ್ಸು ಹತ್ತಿದ್ರೆ ಸಿಗೋ ಅಂಕೋಲಾ ಕೂಡ.

2024ರ ಆಗಸ್ಟ್ 6–7ರ ನಡುರಾತ್ರಿ ಕೋಡಿಬಾಗ–ಸದಾಶಿವಗಡದ ನಡುವಿನ ಹಳೇ ಕಾಳಿ ಸೇತುವೆ ಕುಸಿದು ಒಂದು ಲಾರಿ ನದಿಗೆ ಬಿದ್ದಿದ್ದು ನಿಮಗೂ ನೆನಪಿರಬೇಕು. ಚಾಲಕನನ್ನ ಉಳಿಸಿದವರಲ್ಲಿ ನಮ್ಮೂರ ಕಡೆಯ ಮೀನುಗಾರರೂ ಇದ್ದರು. ನಮ್ಮ ಬ್ರಾಂಚ್ ಗ್ರೂಪಿನಲ್ಲಿ ಒಂದು ವಾರ ತುಕ್ಕು, ಆಯಸ್ಸು, ಲೋಡು ಅಂತ ಚರ್ಚೆಯೋ ಚರ್ಚೆ. ಊರಲ್ಲಿ ಎಲ್ಲರೂ ಕೇಳ್ತಿದ್ದದ್ದು ಒಂದೇ: ಇದನ್ನ ನೋಡ್ಕೊಳ್ಳಬೇಕಾದವರು ಯಾರು? ರಾಷ್ಟ್ರೀಯ ಹೆದ್ದಾರಿ ಯಾರದ್ದು, ರಾಜ್ಯ ಹೆದ್ದಾರಿ ಯಾರದ್ದು, ಜಿಲ್ಲಾ ರಸ್ತೆ ಯಾರದ್ದು ಅನ್ನೋದು ಭೂಗೋಳದ ಸಾರಿಗೆ ಪಾಠದಲ್ಲಿ ಒಂದು ಅಂಕದ ಪ್ರಶ್ನೆ. ಗ್ರೂಪಿನಲ್ಲಿ ಅದನ್ನ ಒಬ್ಬರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಸೇತುವೆ ನಮ್ಮ ಮನೆ ಹತ್ತಿರದ್ದೇ ಆದ್ರೂ.

ಇದನ್ನೆಲ್ಲ ತಂಗಿಗೆ ಹೇಳಿ ಮುಗಿಸೋ ಹೊತ್ತಿಗೆ ಕತ್ತಲಾಗಿತ್ತು. ಅವಳು ಪುಸ್ತಕ ಮುಚ್ಚಲಿಲ್ಲ. “ಹಾಗಾದ್ರೆ ನಿಂಗೆ ಕೈಗಾದಲ್ಲಿ ಕೆಲಸ ಸಿಕ್ರೆ ಹೋಗ್ತೀಯಾ?”

ಹೋಗ್ತೀನಿ ಅಂದೆ. “ಯಾವ ಪಾಠದ ಕೈಗಾಕ್ಕೆ?” ಅಂದಳು.