ಕಾಣದ ರಕ್ತ, ನಿಲ್ಲದ ಫೋನು

1974ರ ಅಕ್ಟೋಬರ್‌ನಲ್ಲಿ ಎರಡು ಭಯಾನಕ ಚಿತ್ರಗಳು ತೆರೆಕಂಡವು. ಅಮೆರಿಕದಲ್ಲಿ ಟೋಬ್ ಹೂಪರ್‌ನ ‘ದಿ ಟೆಕ್ಸಸ್ ಚೈನ್ ಸಾ ಮ್ಯಾಸಕರ್’, ಕೆನಡಾದಲ್ಲಿ ಬಾಬ್ ಕ್ಲಾರ್ಕ್‌ನ ‘ಬ್ಲ್ಯಾಕ್ ಕ್ರಿಸ್‌ಮಸ್’. ಎರಡನ್ನೂ ನೋಡಿದವರಿಗಿಂತ ಅವುಗಳ ಬಗ್ಗೆ ಕೇಳಿದವರೇ ಹೆಚ್ಚಿರಬೇಕು. ಹಾಗಾಗಿ ಅಂತೆಕಂತೆಗಳಿಗೆ ಬರವಿಲ್ಲ.

‘ಟೆಕ್ಸಸ್ ನಿಜವಾಗಿ ನಡೆದ ಕಥೆ.’ ಹಾಗೆಂದು ನಂಬಿಸಿದ್ದು ಚಿತ್ರವೇ. ಮೊದಲಲ್ಲೇ ಗಂಭೀರ ದನಿಯೊಂದು ಇದು ನಡೆದ ದುರಂತ ಎನ್ನುತ್ತದೆ. ತೆರೆಯ ಮೇಲೆ 1973ರ ಆಗಸ್ಟ್ 18 ಎಂಬ ತಾರೀಖೂ ಮೂಡುತ್ತದೆ. ಆದರೆ ಚಿತ್ರೀಕರಣ ಶುರುವಾದದ್ದು ಅದೇ ವರ್ಷದ ಜುಲೈನಲ್ಲಿ! ಕೊಲೆಗೆ ಮುಂಚೆಯೇ ಕ್ಯಾಮೆರಾ ಹಾಜರು. ಕಥೆಯ ಬೇರು ಇರುವುದು ವಿಸ್ಕಾನ್ಸಿನ್‌ನ ಎಡ್ ಗೀನ್‌ನಲ್ಲಿ. 1957ರಲ್ಲಿ ಸಿಕ್ಕಿಬಿದ್ದ ಈತ ಗೋರಿ ಅಗೆದು ಹೆಣಗಳ ಚರ್ಮದಿಂದ ಮುಖವಾಡ ಮಾಡಿಕೊಂಡಿದ್ದವನು. ಅವನ ಕಥೆಯಲ್ಲಿ ಟೆಕ್ಸಸ್ ಇಲ್ಲ, ನರಭಕ್ಷಕ ಕುಟುಂಬವಿಲ್ಲ, ಚೈನ್ ಸಾ ಎಂಬ ಯಂತ್ರಗರಗಸವಂತೂ ಇಲ್ಲವೇ ಇಲ್ಲ. ಗರಗಸ ಹೊಳೆದದ್ದು ಜನ ಕಿಕ್ಕಿರಿದ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ, ಈ ಗುಂಪಿನಿಂದ ಹೊರಬೀಳುವುದು ಹೇಗೆಂದು ಚಡಪಡಿಸುತ್ತಿದ್ದಾಗ ಎಂದು ಹೂಪರ್ ಹೇಳಿಕೊಂಡಿದ್ದಾನೆ. ಸಂತೆಯಲ್ಲಿ ಸಿಕ್ಕಿಕೊಂಡವರಿಗೆಲ್ಲ ಆ ಸಿಟ್ಟು ಅರ್ಥವಾದೀತು.

‘ಉದ್ದಕ್ಕೂ ರಕ್ತದ ಕೋಡಿ.’ ಹಾಗೆ ಆಣೆ ಮಾಡಿ ಹೇಳುವವರಿದ್ದಾರೆ. ಹುಡುಗಿಯನ್ನು ಮಾಂಸದ ಕೊಕ್ಕೆಗೆ ನೇತುಹಾಕುವ ದೃಶ್ಯವನ್ನೇ ಮತ್ತೆ ನೋಡಿ: ಕೊಕ್ಕೆ ಮೈಗೆ ಇಳಿಯುವುದು ಒಮ್ಮೆಯೂ ಕಾಣದು. ಕಾಣುವುದು ಅವಳ ಮುಖ, ಕೆಳಗಿಟ್ಟ ಬಕೆಟ್ಟು. ಮಿಕ್ಕಿದ್ದನ್ನು ನಾವೇ ತುಂಬಿಕೊಳ್ಳುತ್ತೇವೆ. ಹೆತ್ತವರ ಜೊತೆ ಮಕ್ಕಳೂ ನೋಡಬಹುದಾದ ‘ಪಿಜಿ’ ಪ್ರಮಾಣಪತ್ರ ಸಿಕ್ಕೀತೆಂದೇ ಹೂಪರ್ ರಕ್ತದ ವಿಷಯದಲ್ಲಿ ಕೈ ಬಿಗಿ ಹಿಡಿದಿದ್ದ, ಸಿಕ್ಕಿದ್ದು ಅದಕ್ಕಿಂತ ಕಟ್ಟುನಿಟ್ಟಿನ ‘ಆರ್’. ಬ್ರಿಟನ್ನಿನ ಸೆನ್ಸಾರ್ ಇನ್ನೂ ಪೇಚಿಗೆ ಸಿಕ್ಕಿತು. ಭಯ ಯಾವುದೋ ಒಂದು ಚೌಕಟ್ಟಿನಲ್ಲಿ ಇರಲಿಲ್ಲ, ಗರಗಸದ ಸದ್ದಿನಲ್ಲಿ, ನಿಲ್ಲದ ಚೀರಾಟದಲ್ಲಿ, ಟೆಕ್ಸಸ್ ಬೇಸಿಗೆಯ ಬೆವರಿನಲ್ಲಿ ಹರಡಿಕೊಂಡಿತ್ತು. ಹಾಗಿರುವಾಗ ಕತ್ತರಿ ಹಾಕುವುದಾದರೂ ಎಲ್ಲಿಗೆ? ಅಲ್ಲಿ ಚಿತ್ರಕ್ಕೆ ಪೂರ್ಣ ಅನುಮತಿ ಸಿಕ್ಕಿದ್ದು 1999ರಲ್ಲಿ. ಇನ್ನೊಂದು ವಿಚಿತ್ರ: ಊಟದ ದೃಶ್ಯದಲ್ಲಿ ನಟಿ ಮೆರಿಲಿನ್ ಬರ್ನ್ಸ್ ಬೆರಳಿನಿಂದ ಜಿನುಗುವುದು ನಿಜವಾದ ರಕ್ತ. ನಕಲಿ ಚಾಕು ಕೈಕೊಟ್ಟಿತ್ತು.

‘ಅಡಗಿ ಕೊಲ್ಲುವವನ ಕಥೆ ಶುರುವಾದದ್ದು ‘ಹ್ಯಾಲೋವೀನ್’ನಿಂದ.’ ಜಾನ್ ಕಾರ್ಪೆಂಟರ್‌ನ ಆ ಚಿತ್ರ ಬಂದದ್ದು 1978ರಲ್ಲಿ. ಕೊಲೆಗಾರನ ಕಣ್ಣಾಗಿ ಮನೆಯೊಳಗೆ ನುಸುಳುವ ಕ್ಯಾಮೆರಾ, ಹಬ್ಬದ ರಾತ್ರಿ, ಒಬ್ಬೊಬ್ಬರಾಗಿ ಸಾಯುವ ಯುವತಿಯರು, ಇವೆಲ್ಲ ನಾಲ್ಕು ವರ್ಷ ಮೊದಲೇ ‘ಬ್ಲ್ಯಾಕ್ ಕ್ರಿಸ್‌ಮಸ್’ನಲ್ಲಿದ್ದವು. ಕಾರ್ಪೆಂಟರ್ ಅವನ್ನು ಜನಪ್ರಿಯಗೊಳಿಸಿದ, ಅಷ್ಟೇ.

‘ಬ್ಲ್ಯಾಕ್ ಕ್ರಿಸ್‌ಮಸ್‌ನ ಕೊಲೆಗಾರ ನಾಯಕಿಯ ಗೆಳೆಯ ಪೀಟರ್.’ ಚಿತ್ರದ ಪೊಲೀಸರೂ ಹಾಗೇ ನಂಬುತ್ತಾರೆ. ಪೀಟರ್ ಸತ್ತ, ಕೇಸು ಮುಗಿಯಿತು ಎಂದುಕೊಂಡು ಮದ್ದು ಕೊಟ್ಟು ಮಲಗಿಸಿದ ನಾಯಕಿಯನ್ನು ಕೋಣೆಯಲ್ಲಿ ಒಂಟಿಯಾಗಿ ಬಿಡುತ್ತಾರೆ. ಕ್ಯಾಮೆರಾ ಮಾತ್ರ ಮೆಲ್ಲಗೆ ಅಟ್ಟ ಹತ್ತುತ್ತದೆ. ಅಲ್ಲಿ ಯಾರೂ ಹುಡುಕದ ಹೆಣಗಳು, ಯಾರದೋ ಗೊಣಗಾಟ. ಹೆಸರುಗಳು ತೆರೆಯ ಮೇಲೆ ಸರಿಯುತ್ತಿರುವಾಗ ಕೆಳಗೆ ಫೋನು ರಿಂಗಾಗುತ್ತಲೇ ಇರುತ್ತದೆ.